ಚಾದರದೊಳಗಿನ ಮಾತು

"ಅದನ್ನ ಹಾಡು ಅಂತ ಕರೆದವರು ಹೊರಗಿನವರು. ನಾವು 'ಕೇಳೋದು-ಕೊಡೋದು' ಅಂತಿದ್ವಿ, ಅಷ್ಟೇ. ಉರುಳೆ ಮಿಷನ್ನಿಂದ ಚಾದರ ಈಚೆ ಬರುವಾಗ ಬೆಂಕಿ ಬೆಂಕಿ ಇರುತ್ತೆ. ಅತ್ತ ಎರಡು ಮೂಲೆ ಅಕ್ಕ ಹಿಡಿಯೋಳು, ಇತ್ತ ಎರಡು ಮೂಲೆ ನಾನು. ಇಬ್ಬರೂ ಒಂದೇ ಏಟಿಗೆ ಜಗ್ಗಬೇಕು. ಒಬ್ಬಳು ಮುಂಚೆ ಜಗ್ಗಿದರೆ ಇನ್ನೊಬ್ಬಳು ಮುಗ್ಗರಿಸ್ತಾಳೆ, ಚಾದರ ನೆಲ ಮುಟ್ಟುತ್ತೆ. ನೆಲ ಮುಟ್ಟಿದ್ದು ಮತ್ತೆ ತೊಟ್ಟಿಗೆ. ಅದಕ್ಕೇ ಅಕ್ಕ ಒಂದು ಸಾಲು ಕೇಳ್ತಾ ಜಗ್ಗೋಳು, ನಾನು ಒಂದು ಸಾಲು ಕೊಡ್ತಾ ಮಡಚೋಳು. ಇದೇ ಮಾತು ಅಂತ ಏನಿಲ್ಲ. ಅವತ್ತಿನದು ಅವತ್ತಿಗೆ. ಮನೇಲಿ ಆಡೋಕಾಗದ್ದನ್ನೆಲ್ಲ ಅಲ್ಲಿ ಆಡಿ ಮುಗಿಸ್ತಿದ್ವಿ. ನನ್ನ ಸೋಪು ಸವೆಸಿದ್ದು ಯಾರೇ, ಅತ್ತೆ ಕಿವಿಗೆ ಊದಿದ್ದು ಯಾರೇ, ನಿನ್ನ ಗಂಡ ನನ್ನ ಗಂಡನ ಚಪ್ಪಲಿ ಹಾಕ್ಕೊಂಡು ಹೋದನಲ್ಲ ಅದಕ್ಕೇನಂತೀಯೇ, ಅಂತ ಅಕ್ಕ ಕೇಳೋಳು. ಉಸಿರು ಎಳೆಯೋದರೊಳಗೆ ನಾನು ಕೊಡಬೇಕು. ಸುಳ್ಳು ಕೊಡೋ ಹಾಗಿಲ್ಲ, ಸಿಟ್ಟು ಮಾಡ್ಕೊಳ್ಳೋ ಹಾಗಿಲ್ಲ. ನಾಲ್ಕು ಮೂಲೆ ಒಂದಾಯ್ತಾ, ಮಾತು ಮುಗೀತು. ಮಡಚಿಟ್ಟ ಚಾದರವನ್ನ ಯಾರಾದರೂ ಮತ್ತೆ ಬಿಚ್ಚಿ ನೋಡ್ತಾರಾ? ಒಳಗಿದ್ದ ಮಾತೂ ಹಾಗೇ. ಅದನ್ನ ಬಿಚ್ಚಿದವಳು ನಾನು. ಊರ ಮುಂದೆ ಬಿಚ್ಚಿದೆ. ಗೊತ್ತಿಲ್ಲದೆ ಮಾಡಿದೆ ಅಂತ ಮಾತ್ರ ಹೇಳಲ್ಲ. ಗೊತ್ತಿತ್ತು. ಆವತ್ತು ನನಗೆ ಅದು ಬೇಕಾಗಿತ್ತು."

ಇದನ್ನು ಹೇಳಿದವಳು ಗಿಣಿ. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು. ಆದರೆ ಬಾಯಿ ತೆರೆದರೆ ಉತ್ತರ ಪಟಪಟ ಉದುರುತ್ತಿದ್ದುದರಿಂದ ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಗಿಣಿಯೇ ಆಗಿಹೋದಳು. ಅವಳು ಅಕ್ಕ ಅನ್ನುತ್ತಿದ್ದುದು ಒಡಹುಟ್ಟಿದ ಅಕ್ಕನನ್ನಲ್ಲ, ಗಂಡನ ಅಣ್ಣನ ಹೆಂಡತಿಯನ್ನು. ಆಕೆಗೆ ನಾವು ದೊಡ್ಡಾಕೆ ಅನ್ನುತ್ತಿದ್ದೆವು. ಎತ್ತರದ ಹೆಂಗಸು, ಅಗಲ ಹೆಗಲು, ಮಾತು ಕಡಿಮೆ. ಲಾಂಡ್ರಿಗೆ ಮೊದಲು ಬಂದವಳು ದೊಡ್ಡಾಕೆ. ಮೈದುನನಿಗೆ ಮದುವೆಯಾಗಿ ಗಿಣಿ ಮನೆ ತುಂಬಿದ ಮೇಲೆ, "ಮನೇಲಿ ಇಬ್ಬರೂ ಕೂತರೆ ಅತ್ತೆ ಮೂರು ಹೊತ್ತೂ ನಮ್ಮಿಬ್ಬರನ್ನ ತಕ್ಕಡೀಲಿಟ್ಟು ತೂಗ್ತಾರೆ, ಬಾರೇ ನನ್ನ ಜೊತೆ" ಅಂತ ಕೈಹಿಡಿದು ಕರೆತಂದಳು.

ನಮ್ಮ ಲಾಂಡ್ರಿ ಆಸ್ಪತ್ರೆಯ ಹಿಂದಿನ ಗೋಡೆಗೆ ಅಂಟಿಕೊಂಡಿತ್ತು. ಆಸ್ಪತ್ರೆಯದೂ ಹೋಟೆಲುಗಳದೂ ಬಟ್ಟೆ ಬರುತ್ತಿತ್ತು. ಹಿಂಬಾಗಿಲಲ್ಲಿ ಕೊಳೆಕೋಣೆ, ಅಲ್ಲಿ ಬಂದ ಮೂಟೆ ಬಿಚ್ಚಿ ಬೇರ್ಪಡಿಸುವುದು. ಆಮೇಲೆ ತೊಟ್ಟಿ, ಹಿಂಡುವ ಮಿಷನ್ನು, ಅದಾದ ಮೇಲೆ ನಮ್ಮ ಹಜಾರ. ಹಜಾರದ ನಡುವೆ ಉರುಳೆ ಮಿಷನ್ನು. ಆಳುದ್ದದ ಎರಡು ಕಾದ ಉರುಳೆ, ನಡುವೆ ಒದ್ದೆ ಚಾದರ ಕೊಟ್ಟರೆ ಇತ್ತ ಒಣಗಿ ಗರಿಗರಿಯಾಗಿ ಬರುತ್ತದೆ. ಗೋಡೆ ಪಕ್ಕದ ಮೇಜಿನಲ್ಲಿ ನಾವು ಇಸ್ತ್ರಿಯವರು, ಡಾಕ್ಟರುಗಳ ಕೋಟು, ತಲೆದಿಂಬಿನ ಚೀಲ. ಇಸ್ತ್ರಿಯ ಹಬೆಗೆ ನಮ್ಮ ಮೇಜಿನಲ್ಲಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ನಮ್ಮ ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಉರುಳೆಯ ಕಡೆಗೇ.

ಆ ಓರಗಿತ್ತಿಯರು ನಮಗೆ ರೇಡಿಯೋ ಇದ್ದ ಹಾಗಿದ್ದರು. ದೊಡ್ಡಾಕೆಯದು ಒಡಕು ದನಿ, ಹೊಲದಲ್ಲಿ ಕೂಗಿ ಕರೆದ ಹಾಗೆ. ಗಿಣಿಯದು ನೀರಿನ ಹಾಗೆ ತೆಳು, ಎಲ್ಲಿಗೆ ಬೇಕಾದರೂ ಹರಿಯುತ್ತಿತ್ತು. ಒಂದು ಸಲ ದೊಡ್ಡಾಕೆ ಕೇಳಿದಳು:

"ಹಾಲು ಉಕ್ಕಿ ಒಲೆಗೆ ಬಿದ್ದಾಗ ಎಲ್ಲಿದ್ದೆಯೇ ಗಿಣಿ?"

ಗಿಣಿ ಮಡಚುತ್ತ ಕೊಟ್ಟಳು:

"ಕನ್ನಡಿ ಮುಂದೆ ನಿಂತಿದ್ದೆನಕ್ಕ, ಕಳ್ಳಿ ನಾನೇ ಕಣೇ."

ನಾವೆಲ್ಲ ನಕ್ಕೆವು. ಹಿಂದಿನ ದಿನ ಆ ಹಾಲು ಬೆಕ್ಕು ಕುಡಿಯಿತು ಅಂತ ಅದಕ್ಕೆ ಏಟು ಬಿದ್ದಿತ್ತಂತೆ.

ಬಾಯ್ಲರಿನವನೇ ಉರುಳೆಯನ್ನೂ ನೋಡಿಕೊಳ್ಳುತ್ತಿದ್ದ. ಅವನಿಗೆ ಇವರನ್ನು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. "ಎರಡು ಜುಟ್ಟು ಸೇರೀತು, ಎರಡು ಜಡೆ ಸೇರೋದುಂಟಾ? ನೋಡ್ತಿರಿ, ಒಂದಿನ ಇವರಿಬ್ಬರೂ ಚಾದರ ಹರೀತಾರೆ" ಅನ್ನುತ್ತಿದ್ದ.

"ನಿನ್ನ ತಲೇಲಿ ಜುಟ್ಟೂ ಇಲ್ಲ, ಒಳಗೆ ಇನ್ನೊಂದೂ ಇಲ್ಲ. ಹಬೆ ಬಿಡೋ ಸುಮ್ನೆ," ಅಂತ ಗಿಣಿ ಅಂದರೆ ಅವನು ಬೋಳುತಲೆ ಸವರಿಕೊಂಡು ಹೋಗುತ್ತಿದ್ದ.

ಉರುಳೆಯಲ್ಲಿ ಚಾದರ ಸುತ್ತಿಕೊಳ್ಳುವುದು ಆಗಾಗ ಇದ್ದದ್ದೇ. ಆಗ ಅವನು ಮಿಷನ್ನು ನಿಲ್ಲಿಸುತ್ತಾನೆ. ಹೆಂಗಸರು ಕೈ ಹಾಕಿ ಬಿಡಿಸಬೇಕು. ಮತ್ತೆ ಚಾಲೂ ಮಾಡುವ ಮುಂಚೆ ಗಂಟೆ ಹೊಡೆಯುತ್ತಾನೆ. ಗಂಟೆ ಕೇಳಿದ ತಕ್ಷಣ ಕೈ ಈಚೆಗೆ. ಅದು ಹೊಸಬರಿಗೆ ಮೊದಲು ಕಲಿಸುವ ಪಾಠ. ನಮಗಿಂತ ಮುಂಚೆ ಇದ್ದ ಒಬ್ಬಾಕೆಯ ಬೆರಳು ಹೋಗಿತ್ತು ಅಂತ ಮಾತು.

ದೊಡ್ಡಾಕೆಗೆ ಗಂಟೆ ಕೇಳುವುದು ನಿಂತುಹೋಗಿತ್ತು.

ಯಾವಾಗಿನಿಂದ ಅಂತ ಯಾರಿಗೂ ಗೊತ್ತಿಲ್ಲ. ಮಿಷನ್ನಿನ ಗದ್ದಲಕ್ಕೆ ಸ್ವಲ್ಪ ಸ್ವಲ್ಪವೇ ಸವೆದಿರಬೇಕು. ಮನೆಯಲ್ಲಿ ಆಕೆ ಮೊದಲೇ ಮೌನಿ, ಕರೆದರೆ ಓಗೊಡದಿದ್ದರೆ ಜಂಬ ಅಂದುಕೊಂಡರು. ಕಟ್ಟಿಕೊಂಡ ಗಂಡನಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಗಿಣಿಗೆ, ಅದೂ ಚಾದರದಲ್ಲಿ. ಒಂದು ದಿನ ಕೊಟ್ಟ ಉತ್ತರವೇ ಒಂದು, ದೊಡ್ಡಾಕೆ ಮುಂದೆ ಕೇಳಿದ್ದೇ ಇನ್ನೊಂದು. ಗಿಣಿ ಸುಮ್ಮನೆ ಬಾಯಿ ಮಾತ್ರ ಆಡಿಸಿ, ದನಿ ತೆಗೆಯದೆ ಕೊಟ್ಟು ನೋಡಿದಳು. ದೊಡ್ಡಾಕೆ ನಕ್ಕಳು. ಆಕೆ ತುಟಿ ನೋಡುತ್ತಿದ್ದಳು.

ಆಮೇಲೊಂದು ದಿನ ಆಕೆಯೇ ಕೇಳಿದಳು. ಆವತ್ತು ನಮ್ಮ ಮೇಜಿನಲ್ಲಿ ಇಸ್ತ್ರಿಪೆಟ್ಟಿಗೆಗಳೆಲ್ಲ ನಿಂತವು.

"ಗಂಟೆ ಹೊಡೆದರೆ ಕೇಳದವಳಿಗೆ ಗತಿ ಯಾರೇ ಗಿಣಿ?"

ಗಿಣಿ ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

"ಕಿವಿಯಿಲ್ಲದ ಅಕ್ಕನಿಗೆ ಕಿವಿಯಾಗುವೆ ನಾನು,
ಗಂಟೆಯ ಸದ್ದನು ಬಟ್ಟೆಗೆ ಕೊಟ್ಟು ಜಗ್ಗುವೆ ನಾನು."

ಹಾಗೇ ನಡೆಸಿದಳು ಕೂಡ. ಗಂಟೆ ಬಿದ್ದರೆ ಚಾದರದ ಈ ತುದಿ ಒಮ್ಮೆ ಜಗ್ಗುವಳು, ಆ ತುದಿಯಲ್ಲಿ ದೊಡ್ಡಾಕೆ ಕೈ ತೆಗೆಯುವಳು. ವರ್ಷಗಟ್ಟಲೆ ಆಕೆಯ ಉಗುರಿಗೂ ಬಿಸಿ ತಾಗಲಿಲ್ಲ. ನಮಗೆಲ್ಲ ಗೊತ್ತಿತ್ತು, ಗೊತ್ತಿದೆ ಅಂತ ಯಾರೂ ತೋರಿಸಲಿಲ್ಲ. ಬೋಳುತಲೆಯವನಿಗೂ ಗೊತ್ತಿತ್ತೇನೋ. ಗಂಟೆ ಹೊಡೆದ ಮೇಲೆ ಒಂದು ಗಳಿಗೆ ತಡೆದೇ ಚಾಲೂ ಮಾಡುತ್ತಿದ್ದ. ಕಿವಿ ಕೇಳದವರನ್ನು ಉರುಳೆಯ ಹತ್ತಿರ ನಿಲ್ಲಿಸಬಾರದು ಅಂತ ಲಾಂಡ್ರಿಯ ಕಾನೂನು. ದೊಡ್ಡಾಕೆಗೆ ಆ ಜಾಗ ಬಿಟ್ಟರೆ ಉಳಿಯುವುದು ಕೊಳೆಕೋಣೆ. ಕೊಳೆಕೋಣೆ ಅಂದರೆ ಹೆಂಗಸರು ಮೂಗು ಮುಚ್ಚಿಕೊಂಡು ಅತ್ತು ಬರುವ ಜಾಗ. ರಕ್ತ, ಕೀವು, ವಾಂತಿ. ಅಲ್ಲಿ ಜೊತೆ ಬೇಡ, ಹಾಡು ಬೇಡ, ಗಂಟೆಯೂ ಇಲ್ಲ.

ಹೀಗಿರುವಾಗ ಬಂದವರು ಪಿಟೀಲು ಮೇಷ್ಟ್ರು.

ಆ ವರ್ಷ ನಮ್ಮೂರಲ್ಲಿ ಆ ಬೀದಿಯವರಿಗೂ ಈ ಬೀದಿಯವರಿಗೂ ಕಲ್ಲುತೂರಾಟವಾಗಿ, ಅಂಗಡಿ ಸುಟ್ಟು, ಒಬ್ಬರ ಮುಖ ಒಬ್ಬರು ನೋಡದ ಹಾಗಾಗಿತ್ತು. ದೊಡ್ಡವರೆಲ್ಲ ಸೇರಿ ಒಂದು ಸಂಗೀತ ಇಡಿಸೋಣ, ಎಲ್ಲ ಥರದ ಹಾಡಿನವರನ್ನೂ ಒಂದೇ ವೇದಿಕೆಗೆ ಹತ್ತಿಸೋಣ, ಅದನ್ನು ನೋಡಿಯಾದರೂ ಜನ ಒಂದಾಗಲಿ ಅಂತ ತೀರ್ಮಾನ ಮಾಡಿದರಂತೆ. ಅದಕ್ಕೆ 'ಎಲ್ಲರ ದನಿ' ಅಂತ ಹೆಸರಿಟ್ಟರು. ನಡೆಸುವ ಹೊಣೆ ಪಿಟೀಲು ಮೇಷ್ಟ್ರದು. ಸಭಾಂಗಣದ ಪರದೆಗಳು ನಮ್ಮಲ್ಲಿಗೆ ಒಗೆಯಲು ಬಂದಿದ್ದವು, ಬೇಗ ಕೊಡಿ ಅಂತ ಅವಸರ ಮಾಡಲು ಅವರು ಖುದ್ದಾಗಿ ಬಂದರು. ಬಂದವರು ಹಜಾರದ ಬಾಗಿಲಲ್ಲೇ ನಿಂತುಬಿಟ್ಟರು. ಪರದೆಯ ಮಾತು ಮರೆತೇಹೋಯಿತು.

ಒಳ್ಳೆಯ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಲಿಗೆ ಹಾಕಿದ್ದ ಬೂಟು ಬಿಚ್ಚಿಟ್ಟು, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ಒಳಗೆ ಬಂದರು. "ಅಮ್ಮಾ, ನಿಲ್ಲಿಸಬೇಡಿ, ನಾನು ಇಲ್ಲ ಅಂದುಕೊಳ್ಳಿ" ಅಂದು ಮೊಬೈಲು ಎತ್ತಿ ಹಿಡಿದರು. ಮೂರು ನಾಲ್ಕು ದಿನ ಬಂದರು. ಗಂಟೆಯ ಸಾಲನ್ನು ಅವರಿಬ್ಬರೂ ಆಗಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು, ಗುಟ್ಟಿನ ಸರಸ ಇದ್ದ ಹಾಗೆ. ಅದೂ ಆ ಮೊಬೈಲಿನೊಳಗೆ ಹೋಯಿತು.

"ಇದರಲ್ಲಿ ಪ್ರಶ್ನೆ ಇದೆ, ಉತ್ತರ ಇದೆ, ತಾಳ ಇದೆ," ಅಂತ ಮೇಷ್ಟ್ರು ನಮ್ಮ ಮೇಜಿಗೆ ಬಂದು ಹೇಳಿದರು, ನಮಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ. "ನಿಮ್ಮವರ ಹಾಡು ಬೇಕೇಬೇಕು. ಶಾಸ್ತ್ರೀಯ ಹಾಡುಗಾರ್ತಿ ಬರ್ತಾರೆ, ಬ್ಯಾಂಡಿನವರು ಬರ್ತಾರೆ, ಗಿಟಾರಿನ ಹುಡುಗರು ಬರ್ತಾರೆ. ದುಡಿಯೋರ ದನಿ ಇಲ್ಲದಿದ್ದರೆ ಎಲ್ಲರ ದನಿ ಹೇಗಾಗುತ್ತೆ?"

"ಮಿಷನ್ನನ್ನೂ ಕರೆದುಕೊಂಡು ಹೋಗ್ತೀರಾ ಸ್ವಾಮಿ?" ಅಂದ ಬೋಳುತಲೆಯವನು. "ಶ್ರುತಿ ಅದೇ ತಾನೇ."

ಇಬ್ಬರನ್ನೂ ಕರೆದರು. ಇಬ್ಬರೂ ಹೋದರು. ಮೊದಲ ದಿನದ ಅಭ್ಯಾಸದಲ್ಲೇ ದೊಡ್ಡಾಕೆಯ ಕಥೆ ಮುಗಿಯಿತು. ಎಲ್ಲರೂ ಒಂದು ಶ್ರುತಿ ಹಿಡಿದರೆ ಆಕೆ ಇನ್ನೊಂದು ಹಿಡಿದಳು. ಸುತ್ತ ವಾದ್ಯ ನುಡಿದರೆ ಆಕೆಗೆಲ್ಲಿ ಕೇಳಬೇಕು? ಮೇಷ್ಟ್ರು ವಯಸ್ಸಿನ ದೋಷ ಅಂದುಕೊಂಡು, ನೋವಾಗದ ಹಾಗೆ ಕೈಮುಗಿದು, "ಅಮ್ಮ, ನೀವು ಸಭೆಯಲ್ಲಿ ಕೂತು ಆಶೀರ್ವಾದ ಮಾಡಿ" ಅಂದರು. ಕೇಳುವ ಸಾಲನ್ನು ಶಾಸ್ತ್ರೀಯ ಹಾಡುಗಾರ್ತಿಗೆ ಕೊಟ್ಟರು.

ದೊಡ್ಡಾಕೆಗೆ ಅದರಿಂದ ಬೇಸರವೇನೂ ಆದಂತಿರಲಿಲ್ಲ. ಮಾರನೆಯ ದಿನ ಚಾದರ ಹಿಡಿದೇ ಹೇಳಿದಳು, ಹಾಡಿನಲ್ಲಲ್ಲ, ಬರಿಯ ಮಾತಿನಲ್ಲಿ. "ನೀನು ಹೋಗು ಗಿಣಿ. ಚೆಂದ ಹಾಡ್ತೀಯ. ಏನು ಬೇಕಾದರೂ ಹಾಡು. ಗಂಟೆಯದನ್ನ ಮಾತ್ರ ಇಲ್ಲೇ ಬಿಡು."

"ಅಯ್ಯೋ, ಅಷ್ಟೂ ಗೊತ್ತಾಗಲ್ವಾ ನನಗೆ? ಬೇರೆಯದೇ ಹಾಡ್ತೀನಿ ಅಕ್ಕ" ಅಂದಳು ಗಿಣಿ.

ಬೇರೆಯದನ್ನು ಹಾಡಲು ನೋಡಿದ್ದೂ ನಿಜ. ಆದರೆ ಗಿಣಿಗೆ ಕೇಳುವವರಿಲ್ಲದೆ ಕೊಡಲು ಬರುತ್ತಿರಲಿಲ್ಲ. ಹಾಲು, ಸೋಪು, ಚಪ್ಪಲಿ, ಏನು ತೆಗೆದರೂ ಆ ವೇದಿಕೆಯ ಮೇಲೆ ಆರಿದ ಗಂಜಿಯ ಹಾಗೆ ಸಪ್ಪೆ. ಮೇಷ್ಟ್ರು ಮೊಬೈಲು ತೆಗೆದು ಗಂಟೆಯ ಸಾಲು ಕೇಳಿಸಿದರು. "ಇದು, ಇದಮ್ಮ. ನಾನು ಇದಕ್ಕೇ ಎಲ್ಲರನ್ನೂ ತಯಾರು ಮಾಡಿದ್ದೀನಿ. ಬ್ಯಾಂಡಿನವರು, ಗಿಟಾರಿನವರು ಎಲ್ಲ ಇದೇ ಅಳತೆಗೆ ಬಾರಿಸ್ತಿದ್ದಾರೆ."

"ಅದು ಮನೆ ಮಾತು, ಮೇಷ್ಟ್ರೇ."

"ಮನೆ ಮಾತೇ ಬೇಕಮ್ಮ! ಒಬ್ಬರ ಕಿವಿ ಇನ್ನೊಬ್ಬರು ಅಂತ, ಎಂಥಾ ಉಪಮೆ! ಈ ಊರಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು?"

ಉಪಮೆ ಅಂದರೇನು ಅಂತ ಗಿಣಿಗೆ ಗೊತ್ತಿರಲಿಲ್ಲ, ನನಗೂ ಆಗ ಗೊತ್ತಿರಲಿಲ್ಲ. ಅದು ಉಪಮೆಯಲ್ಲ, ನಿಜ ಅಂತ ಹೇಳಿದ್ದರೆ ಅವರು ಅಲ್ಲಿಗೇ ಬಿಡುತ್ತಿದ್ದರು. ಗಿಣಿ ಹೇಳಲಿಲ್ಲ. ಮುಂದೆ ನನ್ನ ಹತ್ತಿರ ಹೀಗಂದಳು: "ಹೇಳಿದರೆ ಅಕ್ಕನ ಗುಟ್ಟು ಹೋಗುತ್ತೆ ಅಂತ ಹೇಳಲಿಲ್ಲ ಅಂತ ನನಗೆ ನಾನೇ ಸಮಾಧಾನ ಮಾಡ್ಕೊಂಡೆ ಇಸ್ತ್ರಿಯಕ್ಕ. ಅದು ಸುಳ್ಳು. ಆ ಮೈಕಿನಲ್ಲಿ ಆ ಸಾಲು ಹಾಡಿದಾಗ ನನ್ನ ದನಿ ಗೋಡೆಗೆ ಹೋಗಿ ಬಡಿದು ನನಗೇ ವಾಪಸ್ಸು ಬಂತು. ಇಷ್ಟು ವರ್ಷ ಹಬೆಗೆ ಹಾಡಿದವಳು ನಾನು. ಹಬೆ ಏನೂ ವಾಪಸ್ಸು ಕೊಡಲ್ಲ. ಗಿಟಾರಿನ ಹುಡುಗನೊಬ್ಬ ಕಣ್ಣೊರೆಸ್ಕೊಂಡ. ಸಾಲು ಬದಲಾಯಿಸಿದರೆ ಅದೆಲ್ಲ ಹೋಗಿಬಿಡುತ್ತೆ ಅನ್ನಿಸಿತು."

ಇನ್ನೂ ಒಂದು ಲೆಕ್ಕ ಹಾಕಿದ್ದಳು. ಅಕ್ಕನಿಗೆ ಹೇಗೂ ಕೇಳುವುದಿಲ್ಲವಲ್ಲ.

ಆ ಸಂಜೆ ಲಾಂಡ್ರಿಯವರಿಗೆಲ್ಲ ಹಿಂದಿನ ಸಾಲಿನಲ್ಲಿ ಜಾಗ ಕೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಊರಿನ ದೊಡ್ಡವರು, ಅವರ ನಡುವೆ ನಮ್ಮ ಮ್ಯಾನೇಜರ್ ಸಾಹೇಬರು ಹೆಂಡತಿಯ ಜೊತೆ. ನಾವೇ ಒಗೆದ ಪರದೆ, ನಾವೇ ಇಸ್ತ್ರಿ ಮಾಡಿದ ಮೇಜಿನ ಹೊದಿಕೆ. ನಾನು ದೊಡ್ಡಾಕೆಯ ಪಕ್ಕ ಕೂತೆ. ಆಕೆ ಒಳ್ಳೆಯ ಸೀರೆ ಉಟ್ಟಿದ್ದಳು. ಗಿಣಿಯ ಗಂಡ, ತನ್ನ ಗಂಡ, ಇಬ್ಬರನ್ನೂ ಎಳೆದುಕೊಂಡು ಬಂದಿದ್ದಳು.

ವೇದಿಕೆಯ ಬದಿಗೆ ಸಿನಿಮಾದಂಥ ದೊಡ್ಡ ಬಿಳಿ ಪರದೆ ಹಾಕಿ, ಹಾಡುವವರ ಮುಖ ಅದರ ಮೇಲೆ ಬರುವ ಹಾಗೆ ಮಾಡಿದ್ದರು. ಹಿಂದೆ ಕೂತವರಿಗೂ ಕಾಣಲಿ ಅಂತ. ಅದೊಂದು ಗಿಣಿಯ ಲೆಕ್ಕದಲ್ಲಿರಲಿಲ್ಲ.

ಪಿಟೀಲು ಮೇಷ್ಟ್ರು ಮುಂದೆ ಬಂದು, "ಈಗ ನಮ್ಮೂರ ಲಾಂಡ್ರಿಯ ಉರುಳೆಯ ಮುಂದೆ ಇಬ್ಬರು ಓರಗಿತ್ತಿಯರು ದಿನಾ ಹಾಡುವ ಹಾಡು" ಅಂತ ಹೇಳಿದರು. ದೊಡ್ಡಾಕೆ ನನ್ನ ಮೊಣಕೈ ತಿವಿದು, "ಏನಂದರು?" ಅಂತ ಕಣ್ಣಲ್ಲೇ ಕೇಳಿದಳು. ನಿಮ್ಮದೇ ಅಂತ ಸನ್ನೆ ಮಾಡಿದೆ. ನಕ್ಕಳು.

ಹಾಡುಗಾರ್ತಿ ಕೇಳಿದರು. ಎಂಥ ಕಂಠ! ದೊಡ್ಡಾಕೆ ಒಂದೇ ಏಟಿಗೆ ಜಗ್ಗಿ ಕೇಳುತ್ತಿದ್ದ ಸಾಲನ್ನು ಅವರು ಎಳೆದು, ಬಳುಕಿಸಿ, ಮೇಲಕ್ಕೊಯ್ದು ಕೆಳಗಿಳಿಸಿ ಕೇಳಿದರು. 'ಗಿಣಿ' ಅನ್ನುವ ಕಡೆ 'ಗೆಳತಿ' ಅಂದರು. ಪಿಟೀಲು ಅವರ ಹಿಂದೆ ಹೋಯಿತು, ಬ್ಯಾಂಡಿನವನ ಕಹಳೆ ಮೆಲ್ಲಗೆ ಸೇರಿಕೊಂಡಿತು. ಆಮೇಲೆ ಪರದೆಯ ಮೇಲೆ ಗಿಣಿಯ ಮುಖ, ಗೋಡೆಯಷ್ಟು ದೊಡ್ಡದು. ತುಟಿಯ ಒಂದೊಂದು ಗೆರೆಯೂ ಕಾಣುತ್ತಿತ್ತು.

ಅವಳು ಕೊಟ್ಟಳು.

ಸುಳ್ಳು ಹೇಳಬಾರದು, ನನ್ನ ಮೈ ಜುಂ ಅಂತು. ಅಷ್ಟು ಚೆನ್ನಾಗಿ ಅವಳು ಹಜಾರದಲ್ಲೂ ಹಾಡಿದ್ದಿಲ್ಲ. ಆ ಬೀದಿಯವರೂ ಈ ಬೀದಿಯವರೂ ಒಂದೇ ಸಮ ಕಣ್ಣೊರೆಸಿಕೊಂಡರು. ನಾನು ದೊಡ್ಡಾಕೆಯ ಕಡೆ ನೋಡಿದೆ. ಆಕೆ ಪರದೆ ನೋಡುತ್ತಿದ್ದಳು. ಆ ತುಟಿಯನ್ನು ಆಕೆಯಷ್ಟು ಓದಿದವರು ಆ ಸಭೆಯಲ್ಲಿ ಯಾರೂ ಇರಲಿಲ್ಲ. ಗಿಣಿ ಎರಡನೆಯ ಸಲ ಸಾಲು ತೆಗೆದುಕೊಂಡಾಗ ದೊಡ್ಡಾಕೆಯ ತುಟಿಯೂ ಆಡಿತು, 'ಕಿವಿಯಿಲ್ಲದ' ಅಂತ. ಮೂರನೆಯ ಸಲಕ್ಕೆ ವೇದಿಕೆಯ ಮೇಲಿನವರೆಲ್ಲ ಸೇರಿ ಹಾಡಿದರು, ಸಭೆಯೂ ಎದ್ದು ನಿಂತು ಹಾಡಿತು. ಊರಿಗೆ ಊರೇ ಆಕೆಗೆ ಕಿವಿಯಿಲ್ಲ ಅಂತ ಆಕೆಯ ಸುತ್ತ ನಿಂತು ಹಾಡಿತು. ಆಕೆಯೊಬ್ಬಳೇ ಕೂತಿದ್ದಳು.

ಮುಂದಿನ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವರು ನಮ್ಮ ಸಾಹೇಬರು.

ಅವರೂ ಕೆಟ್ಟವರಲ್ಲ. ಆ ವಾರವೇ ದೊಡ್ಡಾಕೆಯನ್ನು ಆಫೀಸಿಗೆ ಕರೆಸಿದರು. ಜೊತೆಗಿರಲಿ ಅಂತ ನನ್ನನ್ನೂ ಕರೆದರು. "ಅಮ್ಮಾ, ಹಾಡು ಕೇಳಿ ನನ್ನ ಹೆಂಡತಿ ರಾತ್ರಿ ಊಟ ಮಾಡಲಿಲ್ಲ," ಅಂತ ಗಟ್ಟಿಯಾಗಿ, ಬಾಯಿ ಅಗಲಿಸಿ ಹೇಳಿದರು. "ನಾನು ಬಾಯ್ಲರಿನವನನ್ನ ಕೇಳಿದೆ. ಮೊದಲು ಇಲ್ಲ ಇಲ್ಲ ಅಂದ, ಆಮೇಲೆ ಹೌದಂದ. ಇಷ್ಟು ದಿನ ಯಾಕಮ್ಮ ಹೇಳಲಿಲ್ಲ? ಕೈ ಹೋಗಿದ್ದರೆ?"

ದೊಡ್ಡಾಕೆ ತನ್ನ ಎರಡೂ ಕೈ ಮೇಜಿನ ಮೇಲಿಟ್ಟು ಹತ್ತೂ ಬೆರಳು ಬಿಡಿಸಿ ತೋರಿಸಿದಳು. "ಎಲ್ಲಾ ಇವೆ ಸಾಹೇಬರೇ."

"ಇವತ್ತಿದೆ. ನಾಳೆ ನಿಮ್ಮ ತಂಗಿ ರಜೆ ಹಾಕಿದರೆ?"

ಸಾಹೇಬರು ಹೇಳಿದ್ದು ತಪ್ಪು ಅನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಅಕಸ್ಮಾತ್ ಏನಾದರೂ ಆಗಿದ್ದರೆ ನಾವೆಲ್ಲ ಸೇರಿ ಆ ಕೈ ಕೊಂದ ಹಾಗಾಗುತ್ತಿತ್ತು. ಆದರೂ ಆಗಿರಲಿಲ್ಲ. ಮಾರನೆಯ ದಿನದಿಂದ ದೊಡ್ಡಾಕೆ ಕೊಳೆಕೋಣೆಗೆ.

ಆಕೆ ಗಿಣಿಯ ಹತ್ತಿರ ಆಡಿದ ಕೊನೆಯ ಮಾತು ನಮ್ಮ ಮೇಜಿನ ಮುಂದೆಯೇ ಆದದ್ದು. ಕೈಚೀಲ ತೆಗೆದುಕೊಳ್ಳಲು ಹಜಾರಕ್ಕೆ ಬಂದಿದ್ದಳು. ಗಿಣಿ ಓಡಿಬಂದು ಸೆರಗು ಹಿಡಿದು, "ಅಕ್ಕಾ, ಬೈಯಿ. ಎರಡು ಏಟು ಹೊಡಿ. ಏನಾದರೂ ಕೇಳು, ಕೊಡ್ತೀನಿ" ಅಂದಳು.

ದೊಡ್ಡಾಕೆ ಅವಳ ತುಟಿ ನೋಡಿದಳು. ಬೈಯಲಿಲ್ಲ. "ನಾನು ಕೇಳಿದ್ದು ನಿನ್ನನ್ನ," ಅಂದಳು. "ನೀನು ಕೊಟ್ಟಿದ್ದು ಊರಿಗೆ." ಸೆರಗು ಬಿಡಿಸಿಕೊಂಡು ಹೋದಳು. ಆಮೇಲೆ ಆ ತುಟಿಯ ಕಡೆ ನೋಡುವುದನ್ನೇ ಬಿಟ್ಟಳು. ಕಿವಿ ಕೇಳದವರು ಮುಖ ತಿರುಗಿಸಿದರೆ ಮುಗಿಯಿತು, ಎಷ್ಟು ಕೂಗಿದರೂ ಅವರಿಗೆ ತಲುಪುವುದಿಲ್ಲ.

ಮನೆಯಲ್ಲಿ ಒಲೆ ಬೇರೆಯಾಯಿತು. ಅತ್ತೆ ಅಷ್ಟರೊಳಗೆ ತೀರಿಕೊಂಡಿದ್ದರು, ಇಲ್ಲದಿದ್ದರೆ ಅವರ ತಕ್ಕಡಿಗೆ ಕೆಲಸ ಸಿಗುತ್ತಿತ್ತು. ಅಣ್ಣತಮ್ಮಂದಿರಿಗೆ ತಲೆಬುಡ ತಿಳಿಯಲಿಲ್ಲ. ದೊಡ್ಡವನು ಬೀಗ ರಿಪೇರಿಯವನು, ನನ್ನ ಹತ್ತಿರ ಬಂದು ಗೋಳಾಡಿದ. "ಜಗಳ ಆಡಿದರೆ ನಡುವೆ ಹೋಗಿ ಬಿಡಿಸಬಹುದು. ಇವರು ಜಗಳವನ್ನೇ ಆಡಲ್ಲವಲ್ಲ! ಕೀಲಿಯಿಲ್ಲದ ಬೀಗ ಇದು, ನಾನೇನು ಮಾಡಲಿ?" ಅವನಿಗೆ ಹೆಂಡತಿಯ ಕಿವಿಯ ಸುದ್ದಿ ಗೊತ್ತಾದದ್ದೂ ಆ ಸಭೆಯಲ್ಲೇ. ಆ ನಾಚಿಕೆ ಅವನಿಗೆ ಬೇರೆ.

ಗಿಣಿಗೆ ಜೊತೆಗೆ ಹೊಸ ಹುಡುಗಿಯೊಬ್ಬಳನ್ನು ಕೊಟ್ಟರು. ಗಿಣಿ ಮೊದಮೊದಲು ತಾನೇ ಕೇಳಿ ನೋಡಿದಳು. ಆ ಹುಡುಗಿ, "ಏನು ಗೊಣಗ್ತೀರಾ? ನನಗಾ ಬೈದಿದ್ದು?" ಅಂದಳು. ಅಲ್ಲಿಗೆ ನಿಂತಿತು. ಆ ಹುಡುಗಿ ಒಂದು, ಎರಡು ಅಂತ ಎಣಿಸುತ್ತಿದ್ದಳು, ಇವಳು ಮಡಚುತ್ತಿದ್ದಳು. ನಮ್ಮ ಮೇಜಿನವರಿಗೆ ಬೇಜಾರು ಹಿಡಿದು ಯಾರೋ ನಿಜವಾದ ರೇಡಿಯೋ ತಂದಿಟ್ಟರು.

ದೊಡ್ಡಾಕೆ ಕೊಳೆಕೋಣೆಯಲ್ಲಿ ಕೈಯ ಚರ್ಮ ಬಿರಿದು ಹುಣ್ಣಾಗುವವರೆಗೆ ದುಡಿದು, ಆಮೇಲೆ ಮನೆಯಲ್ಲಿ ಕೂತಳು. ಉರುಳೆಯ ಮುಂದೆ ಇಷ್ಟು ವರ್ಷ ಉಳಿದ ಕೈ ಅದು.

ಊರು ಒಂದಾಯಿತಾ ಅಂತ ಕೇಳಿದರೆ, ಮುಂದಿನ ವರ್ಷ ಮತ್ತೆ ಕಲ್ಲು ತೂರಿದರು. ಆದರೆ ಹಾಡು ಉಳಿಯಿತು. ಶಾಲೆಗಳಲ್ಲಿ ಕಲಿಸುತ್ತಾರೆ. ಪಿಟೀಲು ಮೇಷ್ಟ್ರಿಗೆ ನಡೆದದ್ದು ಕಡೆಗೂ ಗೊತ್ತಾಗಲಿಲ್ಲ, ಹೇಳುವ ಮನಸ್ಸು ಯಾರಿಗೂ ಆಗಲಿಲ್ಲ. ನಮ್ಮ ಸಾಹೇಬರು ಅದನ್ನು ಲಾಂಡ್ರಿಯ ಫೋನಿಗೇ ಹಾಕಿಸಿದರು. ಈಗಲೂ ಆಫೀಸಿಗೆ ಫೋನು ಮಾಡಿ, ಆ ಕಡೆಯವರು "ಸ್ವಲ್ಪ ತಡೀರಿ" ಅಂದರೆ, ತಡೆಯುವಷ್ಟು ಹೊತ್ತೂ ಗಿಣಿ ಹಾಡುತ್ತಾಳೆ, ಕಿವಿಯಿಲ್ಲದ ಅಕ್ಕನಿಗೆ ಕಿವಿಯಾಗುವೆ ಅಂತ. ಗಿಣಿ ನಿವೃತ್ತಿಯ ಕಾಗದಕ್ಕಾಗಿ ಒಮ್ಮೆ ಫೋನು ಮಾಡಿ, ಅದು ಶುರುವಾದ ಕೂಡಲೇ ಇಟ್ಟುಬಿಟ್ಟಳು. ಆಮೇಲೆ ಏನೇ ಕೆಲಸವಿದ್ದರೂ ನಡೆದೇ ಹೋಗುತ್ತಾಳೆ.

ಈಗ ಇಬ್ಬರದೂ ತಲೆ ಬೆಳ್ಳಗಾಗಿದೆ. ಒಂದೇ ಮನೆ, ನಡುವೆ ಗೋಡೆ, ಎರಡು ಬಾಗಿಲು, ಒಂದೇ ಅಂಗಳ. ಅಂಗಳದಲ್ಲಿ ನಾಲ್ಕಾರು ಮನೆಗೆ ಸೇರಿ ಒಂದು ನಲ್ಲಿ. ನೀರು ಬೆಳಿಗ್ಗೆ ಯಾವಾಗ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಬರುವ ಮುಂಚೆ ಕೊಳವೆ ಬುಸ್ ಅನ್ನುತ್ತದೆ. ಅದನ್ನು ಕೇಳಿದವರು ಕೊಡ ಹಿಡಿದು ಓಡಬೇಕು. ಕೇಳದವರು ಆ ದಿನ ನೀರಿಲ್ಲದೆ ಕೂರಬೇಕು.

ಮೊನ್ನೆ ನಾನು ಅಲ್ಲಿದ್ದೆ. ಗಿಣಿ ನನಗೆ ಇದನ್ನೆಲ್ಲ ಹೇಳುತ್ತ ಕೂತಿದ್ದಳು. ಕೊಳವೆ ಬುಸ್ ಅಂದಿತು. ಮಾತನ್ನು ಅರ್ಧಕ್ಕೇ ಬಿಟ್ಟು ಎದ್ದಳು. ತನ್ನ ಕೊಡ ಮುಟ್ಟಲಿಲ್ಲ. ಓರಗಿತ್ತಿಯ ಬಾಗಿಲ ಹೊರಗಿದ್ದ ಕೊಡ ಎತ್ತಿಕೊಂಡು ಹೋಗಿ ಮೊದಲಿಗಳಾಗಿ ಹಿಡಿದು, ತುಂಬಿಸಿ ತಂದು, ಆ ಹೊಸಿಲ ಮೇಲೆ ಧಪ್ಪಂತ ಕುಕ್ಕಿದಳು. ನೆಲ ಅದುರುವ ಹಾಗೆ.

ಒಳಗಿಂದ ದೊಡ್ಡಾಕೆ ಬಂದಳು. ಕೊಡ ನೋಡಿದಳು. ನನಗೆ ತಲೆಯಾಡಿಸಿ ಚೆನ್ನಾಗಿದ್ದೀಯಾ ಅಂತ ವಿಚಾರಿಸಿದಳು, ಪಕ್ಕದಲ್ಲಿ ನಿಂತವಳನ್ನು ನೋಡಲಿಲ್ಲ. ಕೊಡ ಬಗ್ಗಿಸಿ ನೀರನ್ನೆಲ್ಲ ಚರಂಡಿ ಕಡೆಗೆ ಚೆಲ್ಲಿದಳು. ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ನಲ್ಲಿಯ ಹತ್ತಿರ ಹೋಗಿ ಸಾಲಿನಲ್ಲಿ ನಿಂತಳು.

"ದಿನಾ ಹೀಗೇನೇ?" ಅಂದೆ.

"ದಿನಾ."

"ಚೆಲ್ತಾಳೆ ಅಂತ ಗೊತ್ತಿದ್ದೂ ಯಾಕೆ ತುಂಬಿಸ್ತೀಯೇ? ನೀರು ಹಾಳು."

"ಚೆಲ್ಲಲಿ ಬಿಡಿ ಇಸ್ತ್ರಿಯಕ್ಕ. ಸಿಟ್ಟಿಗಾದರೂ ಎದ್ದು ಬರ್ತಾಳಲ್ಲ, ನಲ್ಲಿ ನಿಲ್ಲೋದರೊಳಗೆ."

ಆಮೇಲೆ ತನ್ನ ಕೊಡ ತೆಗೆದುಕೊಂಡಳು. ಸಾಲಿನಲ್ಲಿ ದೊಡ್ಡಾಕೆಯ ಹಿಂದೆ ಮೂರು ಜನರಾಚೆಗೆ ನಿಂತಳು. ಸರದಿ ಬರುವಷ್ಟರಲ್ಲಿ ನೀರು ಸಣ್ಣಗಾಗಿತ್ತು. ಕೊಡಕ್ಕೆ ಒಂದಿಷ್ಟು ನೀರು ಹಿಡಿದು ಕುಲುಕಿ, ತೊಳೆದು ಚೆಲ್ಲಿ, ಮತ್ತೆ ನಲ್ಲಿಯ ಕೆಳಗಿಟ್ಟಳು.